ಮುಖಕ್ಕೆ ಹಚ್ಚುವ ಮುನ್ನ ಯಾರನ್ನು ಕೇಳಬೇಕು?

ಮುಖ ನೋಡಿ ಮಣೆ ಹಾಕುವುದು ನಮ್ಮ ಸಮಾಜದ ಹಳೆಯ ಚಾಳಿ. ಹೆಣ್ಣು ನೋಡಲು ಬಂದವರು ಮೊದಲು ನೋಡುವುದು ಮುಖವನ್ನು. ಕೆಲಸಕ್ಕೆ ಸಂದರ್ಶನಕ್ಕೆ ಕರೆದವರು ನೋಡುವುದೂ ಮುಖವನ್ನೇ. ಹೀಗಾಗಿ ಹಣೆಯ ಮೇಲೆ ನಾಲ್ಕು ಮೊಡವೆ ಎದ್ದರೆ, ಕೆನ್ನೆಯ ಮೇಲೆ ಬಂಗು ಕಾಣಿಸಿಕೊಂಡರೆ ಮನೆಯಲ್ಲಿ ಸಣ್ಣದೊಂದು ಸಭೆಯೇ ಸೇರಿಬಿಡುತ್ತದೆ. ಅಜ್ಜಿ ಕಡಲೆ ಹಿಟ್ಟು, ಅರಿಸಿನ ಎನ್ನುತ್ತಾರೆ. ಅತ್ತಿಗೆ ತಾವು ಬಳಸುವ ಕ್ರೀಮಿನ ಹೆಸರು ಹೇಳುತ್ತಾರೆ. ಬ್ಯೂಟಿ ಪಾರ್ಲರಿನವರು ಫೇಶಿಯಲ್ ಮಾಡಿಸಿಕೊಳ್ಳಿ ಎನ್ನುತ್ತಾರೆ. ಔಷಧಿ ಅಂಗಡಿಯವರು ಕಪಾಟಿನಿಂದ ಒಂದು ಟ್ಯೂಬು ತೆಗೆದುಕೊಡುತ್ತಾರೆ. ಮೊಬೈಲ್ ಫೋನಿನ ಪರದೆಯ ಮೇಲೆ ಒಬ್ಬಳು ಹುಡುಗಿ ಬೆಳಿಗ್ಗೆ ಐದು, ರಾತ್ರಿ ಐದು ಎಂದು ಹತ್ತು ಬಗೆಯ ಸೀಸೆಗಳನ್ನು ಸಾಲಾಗಿ ಜೋಡಿಸಿ ತೋರಿಸುತ್ತಾಳೆ.

ಸಲಹೆಗೆ ಬರವಿಲ್ಲ. ಆದರೆ ಇಷ್ಟು ಜನರಲ್ಲಿ ನಮ್ಮ ಕಿಸೆಯ ಮೇಲೆ ಕಣ್ಣಿಡದೆ ನಮ್ಮ ಚರ್ಮವನ್ನಷ್ಟೇ ನೋಡಿ ಮಾತನಾಡುವವರು ಯಾರು? ಅಂಥವರನ್ನು ಗುರುತಿಸುವುದು ಹೇಗೆ? ಸೋಪು, ಸ್ನೋ, ಪೌಡರುಗಳ ವಿಷಯಕ್ಕೆ ಇಷ್ಟೊಂದು ಚರ್ಚೆ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಈ ಪ್ರಶ್ನೆಗೆ ತಪ್ಪು ಉತ್ತರ ಸಿಕ್ಕಿದರೆ ಹೋಗುವುದು ಹಣ ಮಾತ್ರವಲ್ಲ. ಒಮ್ಮೊಮ್ಮೆ ಚರ್ಮ, ಅಪರೂಪಕ್ಕೆ ಮೂತ್ರಪಿಂಡ.

ಮಲಪ್ಪುರಂ ಕಲಿಸಿದ ಪಾಠ

ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ಆಸ್ಪತ್ರೆಯೊಂದರ ವೈದ್ಯರು 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಒಂದು ವಿಚಿತ್ರವನ್ನು ಗಮನಿಸಿದರು. ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುವ, ಕಾಲು ಬಾತುಕೊಳ್ಳುವ ಒಂದು ಬಗೆಯ ಮೂತ್ರಪಿಂಡದ ಕಾಯಿಲೆ ಹೊತ್ತು 22 ಮಂದಿ ಬಂದಿದ್ದರು. ಇವರಲ್ಲಿ 15 ಮಂದಿಯ ಕಾಯಿಲೆ ಸಾಮಾನ್ಯವಾಗಿ ಕಾಣದಂಥ ಒಂದು ಉಪಜಾತಿಗೆ ಸೇರಿತ್ತು. ವಿಚಾರಿಸುತ್ತಾ ಹೋದಾಗ ಆ 15 ಮಂದಿಯಲ್ಲಿ 13 ಮಂದಿ ರೋಗ ಕಾಣಿಸುವ ಮುನ್ನ ಮುಖ ಬಿಳುಪಾಗಿಸುವ ಕ್ರೀಮು ಹಚ್ಚುತ್ತಿದ್ದುದು ತಿಳಿದುಬಂತು. ವೈದ್ಯರ ಬೊಟ್ಟು ಹೋದದ್ದು ಕ್ರೀಮಿನಲ್ಲಿದ್ದ ಪಾದರಸದ ಕಡೆಗೆ. ಈ ವರದಿ ಮೂತ್ರಪಿಂಡ ತಜ್ಞರ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಗಿದೆ.

ಪಾದರಸ ಮುಖವನ್ನು ಬೆಳ್ಳಗೆ ಮಾಡುತ್ತದೆ ಎಂಬುದು ಸುಳ್ಳಲ್ಲ. ಅಪಾಯ ಇರುವುದೇ ಅಲ್ಲಿ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗಲು ಒಂದು ಕಿಣ್ವ ಬೇಕು. ಪಾದರಸ ಆ ಕಿಣ್ವದ ಕೈ ಕಟ್ಟಿಹಾಕುತ್ತದೆ. ಬಣ್ಣ ತಿಳಿಯಾಗುತ್ತದೆ. ಹಚ್ಚಿಕೊಂಡವರು ಮತ್ತೊಬ್ಬರಿಗೂ ಹೇಳುತ್ತಾರೆ. ಅದೇ ಹೊತ್ತಿಗೆ ಚರ್ಮದ ಮೂಲಕ ಒಳಗೆ ಇಳಿದ ಲೋಹ ಮೂತ್ರಪಿಂಡದಲ್ಲಿ ಮನೆ ಮಾಡಿಕೊಳ್ಳುತ್ತಿರುತ್ತದೆ. "ನನಗೆ ಗುಣ ಕೊಟ್ಟಿತು, ನೀನೂ ಹಚ್ಚು" ಎಂಬ ಗೆಳತಿಯ ಮಾತು ಪ್ರಾಮಾಣಿಕವೇ. ಆದರೆ ಪ್ರಾಮಾಣಿಕವಾದ ಮಾತೆಲ್ಲ ಸರಿಯಾದ ಮಾತಾಗಬೇಕಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಇನ್ನೊಂದು ಲೆಕ್ಕ ಇದಕ್ಕಿಂತ ವ್ಯಾಪಕವಾದುದು. ದೇಶದ 12 ಚರ್ಮರೋಗ ಚಿಕಿತ್ಸಾ ಕೇಂದ್ರಗಳಲ್ಲಿ ನಡೆದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಮುಖದ ತೊಂದರೆಗಾಗಿ ಬಂದ 2,926 ಮಂದಿಯನ್ನು ಪರೀಕ್ಷಿಸಿದಾಗ 433 ಮಂದಿ ಅದಾಗಲೇ ಸ್ಟೀರಾಯ್ಡ್ ಮುಲಾಮು ಹಚ್ಚುತ್ತಿದ್ದರು. ಅವರಲ್ಲಿ 126 ಮಂದಿ ಅದನ್ನು ಬಳಸುತ್ತಿದ್ದುದು ಬಿಳುಪಿನ ಕ್ರೀಮು, ದಿನಬಳಕೆಯ ಕ್ರೀಮು ಅಥವಾ ಕ್ಷೌರದ ನಂತರದ ಲೇಪನದ ಹಾಗೆ. 104 ಮಂದಿ ಮೊಡವೆಗೆ ಹಚ್ಚುತ್ತಿದ್ದರು. 392 ಮಂದಿಗೆ, ಅಂದರೆ ಹತ್ತರಲ್ಲಿ ಒಂಬತ್ತು ಜನರಿಗೆ, ಅಡ್ಡ ಪರಿಣಾಮ ಆಗಿತ್ತು.

ಈ ಅಧ್ಯಯನದ ನಿಜವಾದ ಕುತೂಹಲ ಇರುವುದು ಮುಂದಿನ ಅಂಕಿಯಲ್ಲಿ. ಇದನ್ನು ಹಚ್ಚಿ ಎಂದು ಹೇಳಿದವರು ಯಾರು? 257 ಮಂದಿಗೆ, ಎಂದರೆ ನೂರಕ್ಕೆ 59 ಜನರಿಗೆ, ಸಲಹೆ ಕೊಟ್ಟವರು ವೈದ್ಯರೇ ಅಲ್ಲ. ಉಳಿದ 176 ಮಂದಿಗೆ ವೈದ್ಯರೇನೋ ಬರೆದುಕೊಟ್ಟಿದ್ದರು; ಆದರೆ ಅದರಲ್ಲಿ 78 ಚೀಟಿ ಚರ್ಮರೋಗ ತಜ್ಞರದ್ದಲ್ಲ. ಅಲ್ಲದೆ ತಜ್ಞರು ಬರೆದಿರಲಿ, ಇತರರು ಬರೆದಿರಲಿ, ವೈದ್ಯರ ಬಹುಪಾಲು ಚೀಟಿಗಳನ್ನು ಜನ ಅವಧಿ ಮುಗಿದ ಮೇಲೂ ಮತ್ತೆ ಮತ್ತೆ ಅಂಗಡಿಗೆ ಒಯ್ದು ಟ್ಯೂಬು ತಂದಿದ್ದರು. ರೋಗದಷ್ಟೇ ಸಲಹೆಯೂ ಕೆಟ್ಟಿತ್ತು ಎಂದಾಯಿತು.

ಸ್ಟೀರಾಯ್ಡ್ ಮುಲಾಮು ವಿಷವಲ್ಲ. ಇಸುಬಿನಂಥ ರೋಗಗಳಲ್ಲಿ ಅದು ಸಂಜೀವಿನಿ. ಆದರೆ ಅದರ ಗುಣ ನೋಡಿ: ಹಚ್ಚಿದ ಕೆಲವೇ ದಿನಗಳಲ್ಲಿ ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ, ರಕ್ತನಾಳಗಳು ಕುಗ್ಗಿ ಮುಖ ತಿಳಿಯಾಗಿ ಕಾಣುತ್ತದೆ. ತಿಂಗಳುಗಟ್ಟಲೆ ಹಚ್ಚುತ್ತಾ ಹೋದರೆ ಚರ್ಮ ಸಿಗರೇಟಿನ ಕಾಗದದಂತೆ ತೆಳ್ಳಗಾಗಿ ನಾಳಗಳು ಮೇಲೆ ಕಾಣತೊಡಗುತ್ತವೆ, ಮೊಡವೆ ಹೆಚ್ಚುತ್ತದೆ, ಹೆಂಗಸರ ಕೆನ್ನೆಯಲ್ಲೂ ಕೂದಲು ಮೂಡುತ್ತದೆ. ಬಿಟ್ಟರೆ ಉರಿ, ಕೆಂಪು. ಆ ಉರಿಗೆ ಮತ್ತೆ ಅದೇ ಟ್ಯೂಬು! ಹೀಗೆ ಕೆಟ್ಟ ಮುಖಕ್ಕೆ ಭಾರತದ ಚರ್ಮರೋಗ ತಜ್ಞರು ಒಂದು ಪ್ರತ್ಯೇಕ ಹೆಸರನ್ನೇ ಇಟ್ಟಿದ್ದಾರೆ: 'ಸ್ಟೀರಾಯ್ಡ್‌ನಿಂದ ಹಾನಿಗೊಂಡ ಮುಖ'.

ಒರಳುಕಲ್ಲಿನಿಂದ ಸ್ನೋ ಡಬ್ಬಿಗೆ

ನಮ್ಮ ಹಿರಿಯರಿಗೆ ಈ ಗೊಂದಲ ಇರಲಿಲ್ಲ. ಎಣ್ಣೆಸ್ನಾನ, ಕಡಲೆ ಹಿಟ್ಟು, ತೇಯ್ದ ಗಂಧ, ಹಾಲಿನ ಕೆನೆ, ಚಳಿಗಾಲಕ್ಕೆ ಕೊಬ್ಬರಿ ಎಣ್ಣೆ, ಮುಗಿಯಿತು. ಸಲಹೆ ಕೊಡುವವರೂ ಮನೆಯವರು, ಸಾಮಗ್ರಿ ತಯಾರಿಸುವವರೂ ಮನೆಯವರು. ಅಜ್ಜಿಗೆ ಕಡಲೆ ಹಿಟ್ಟಿನಲ್ಲಿ ಕಮಿಷನ್ ಇರಲಿಲ್ಲ.

ಬದಲಾವಣೆ ಬಂದದ್ದು ಡಬ್ಬಿಯ ರೂಪದಲ್ಲಿ. ಮುಂಬಯಿಯಲ್ಲಿ 1919ರಲ್ಲಿ ಹುಟ್ಟಿದ 'ಅಫ್ಘಾನ್ ಸ್ನೋ' ಭಾರತದಲ್ಲೇ ತಯಾರಾದ ಮೊದಲ ಮುಖದ ಕ್ರೀಮುಗಳಲ್ಲಿ ಒಂದು. ಹಿಮದಂತೆ ಬೆಳ್ಳಗಿದ್ದು, ಹಚ್ಚಿದೊಡನೆ ಮಾಯವಾಗುವ ಈ ಬಗೆಯ ಕ್ರೀಮಿಗೆ 'ಸ್ನೋ' ಎಂಬುದೇ ಸಾಮಾನ್ಯ ನಾಮವಾಯಿತು. ಸ್ನೋ, ಪೌಡರು ಬಳಿದುಕೊಳ್ಳುವುದು ಎಂಬ ಮಾತು ಕನ್ನಡದಲ್ಲಿ ಉಳಿದುಕೊಂಡಿರುವುದು ಆ ಕಾಲದ ಕುರುಹು.

ನಮ್ಮದೇ ಮೈಸೂರು ಸ್ಯಾಂಡಲ್ ಸೋಪಿನ ಕಥೆಯೂ ಅದೇ ಕಾಲದ್ದು. ಮೊದಲ ಮಹಾಯುದ್ಧದಿಂದಾಗಿ ಯುರೋಪಿಗೆ ಗಂಧದ ಮರ ಹೋಗುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಇಲ್ಲಿಯೇ ಗಂಧದೆಣ್ಣೆ ತೆಗೆಯುವ ಕೆಲಸ ಶುರುವಾಯಿತು. ಆ ಎಣ್ಣೆಯಿಂದ ಸೋಪು ಮಾಡುವ ವಿದ್ಯೆಯನ್ನು ರೂಪಿಸಿದವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಶರಭದ ಗುರುತಿನ ಆ ಸೋಪು ಮನೆಮನೆಯ ಬಚ್ಚಲಿಗೆ ಬಂತು.

ಕೊಳ್ಳುವ ಸಾಮಾನು ಬಂದ ಮೇಲೆ ಕೊಳ್ಳಿ ಎನ್ನುವ ದನಿಯೂ ಬೇಕಾಯಿತು. ಲಕ್ಸ್ ಸೋಪಿನ ಜಾಹೀರಾತಿನಲ್ಲಿ 1941ರಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ತಾರೆ ಲೀಲಾ ಚಿಟ್ನಿಸ್. ಮೂಲತಃ ನಮ್ಮ ಧಾರವಾಡದಲ್ಲಿ ಹುಟ್ಟಿದವರು. ಅಲ್ಲಿಂದೀಚೆಗೆ ನಮ್ಮ ದೇಶದಲ್ಲಿ ಚರ್ಮದ ವಿಷಯದಲ್ಲಿ ಅತ್ಯಂತ ಗಟ್ಟಿಯಾಗಿ ಕೇಳುವ ದನಿ ಎಂದರೆ ಸಂಬಳ ಪಡೆದ ದನಿ. 2025ರ ಮೇ ತಿಂಗಳಲ್ಲಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತವು ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿಗೆ ರಾಯಭಾರಿಯಾಗಿ ನೇಮಿಸಿದಾಗ ರಾಜ್ಯದಲ್ಲಿ ದೊಡ್ಡ ಗದ್ದಲವೇ ಎದ್ದಿತು. ಕನ್ನಡದ ನಟಿ ಏಕಲ್ಲ ಎಂಬುದು ಮುಖ್ಯ ತಕರಾರು. ಅದು ನ್ಯಾಯವಾದ ಚರ್ಚೆಯೇ ಇರಬಹುದು. ಆದರೆ ಸೋಪಿನ ಗುಣಕ್ಕೂ ನಟಿಯ ಮುಖಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಆ ಗದ್ದಲದಲ್ಲಿ ಮುಂದೆ ಬರಲೇ ಇಲ್ಲ. ಆ ಪ್ರಶ್ನೆ ಕೇಳುವುದನ್ನೇ ನಾವು ಮರೆತಂತಿದೆ.

1975ರಲ್ಲಿ ಮಾರುಕಟ್ಟೆಗೆ ಬಂದ 'ಫೇರ್ ಅಂಡ್ ಲವ್ಲಿ' ಬಿಳುಪನ್ನೇ ಸರಕಾಗಿಸಿತು. ಕಪ್ಪು ಹುಡುಗಿಗೆ ಕೆಲಸವಿಲ್ಲ, ಗಂಡಿಲ್ಲ. ಕ್ರೀಮು ಹಚ್ಚಿದೊಡನೆ ಎರಡೂ ಉಂಟು ಎಂಬುದು ಇಂಥ ಜಾಹೀರಾತುಗಳ ಸ್ಥಾಯೀಭಾವ. ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆ ಈ ಬಗೆಯ ಜಾಹೀರಾತುಗಳ ವಿರುದ್ಧ ಹೋರಾಟ ನಡೆಸಿತು. ಕಪ್ಪು ಬಣ್ಣದವರನ್ನು ಕೀಳಾಗಿ, ನತದೃಷ್ಟರಾಗಿ ತೋರಿಸಬಾರದೆಂದು ಜಾಹೀರಾತು ಉದ್ಯಮದ ಸ್ವನಿಯಂತ್ರಣ ಮಂಡಳಿ 2014ರಲ್ಲಿ ನಿಯಮ ಮಾಡಿತು. 2020ರ ಜುಲೈನಲ್ಲಿ ಆ ಕ್ರೀಮಿನ ಹೆಸರಿನಿಂದ 'ಫೇರ್' ಎಂಬ ಪದವೇ ಬಿದ್ದುಹೋಗಿ 'ಗ್ಲೋ' ಬಂತು. ಹೆಸರು ಬದಲಾಯಿತು, ಆಸೆ ಬದಲಾಯಿತೇ ಎಂಬುದನ್ನು ಓದುಗರೇ ಹೇಳಬೇಕು.

ಹತ್ತು ಕೋಟಿ ಗಿನಿಯಿಲಿಗಳು

ಪಕ್ಷಪಾತವಿಲ್ಲದ ಸಲಹೆಗೆ ಒಂದು ವ್ಯವಸ್ಥೆ ಬೇಕು ಎಂಬ ಯೋಚನೆ ಮೊಳೆತದ್ದು ಅಮೆರಿಕದಲ್ಲಿ. 1930ರ ದಶಕದ ಆರಂಭದಲ್ಲಿ ಅಲ್ಲಿ 'ಕೋರೆಮ್ಲು' ಎಂಬ ಕ್ರೀಮು ಮಾರಾಟವಾಗುತ್ತಿತ್ತು. ಬೇಡದ ಕೂದಲು ಉದುರಿಸುವ ಆ ಕ್ರೀಮಿನಲ್ಲಿ ಇದ್ದುದು ಥ್ಯಾಲಿಯಂ ಎಂಬ ವಿಷ. ಹೆಂಗಸರು ಕೈಕಾಲು ಸ್ವಾಧೀನ ತಪ್ಪಿ ಹಾಸಿಗೆ ಹಿಡಿದರು. 'ಲ್ಯಾಶ್ ಲ್ಯೂರ್' ಎಂಬ ರೆಪ್ಪೆಯ ಬಣ್ಣ ಹಚ್ಚಿಕೊಂಡವರ ಕಣ್ಣೇ ಹೋಯಿತು. ಸರ್ಕಾರ ಏನೂ ಮಾಡಲಾಗಲಿಲ್ಲ. ಏಕೆಂದರೆ ಅಲ್ಲಿನ 1906ರ ಕಾನೂನು ಆಹಾರ ಮತ್ತು ಔಷಧಿಗೆ ಅನ್ವಯಿಸುತ್ತಿತ್ತೇ ಹೊರತು ಪ್ರಸಾಧನ ಸಾಮಗ್ರಿಗೆ ಅಲ್ಲ.

ಆರ್ಥರ್ ಕ್ಯಾಲೆಟ್ ಮತ್ತು ಎಫ್.ಜೆ. ಶ್ಲಿಂಕ್ ಎಂಬಿಬ್ಬರು 1933ರಲ್ಲಿ 'ಹತ್ತು ಕೋಟಿ ಗಿನಿಯಿಲಿಗಳು' ಎಂಬರ್ಥದ ಹೆಸರಿನ ಪುಸ್ತಕ ಬರೆದರು. ಗಿನಿಯಿಲಿಗಳೆಂದರೆ ಬೇರಾರೂ ಅಲ್ಲ, ಕಂಪನಿಗಳ ಪ್ರಯೋಗಕ್ಕೆ ಒಡ್ಡಿಕೊಂಡ ಅಮೆರಿಕದ ಗ್ರಾಹಕರು. ಪುಸ್ತಕ ಕಾಡ್ಗಿಚ್ಚಿನಂತೆ ಹಬ್ಬಿತು. ಅದೇ ಹೊತ್ತಿಗೆ ಅಲ್ಲಿನ ಆಹಾರ ಮತ್ತು ಔಷಧ ಇಲಾಖೆ ಇಂಥ ಸರಕುಗಳಿಂದ ಹಾಳಾದವರ ಚಿತ್ರಗಳ ಪ್ರದರ್ಶನ ಏರ್ಪಡಿಸಿತು; ಪತ್ರಿಕೆಗಳು ಅದನ್ನು 'ಭಯಾನಕ ಕೊಠಡಿ' ಎಂದು ಕರೆದವು. 1937ರಲ್ಲಿ ಒಂದು ಔಷಧಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ, 1938ರಲ್ಲಿ ಹೊಸ ಕಾನೂನು ಬಂದು ಪ್ರಸಾಧನಗಳೂ ಅದರ ಅಂಕೆಗೆ ಒಳಪಟ್ಟವು.

ಈ ನಡುವೆ 1936ರಲ್ಲಿ ಹುಟ್ಟಿದ ಕನ್ಸ್ಯೂಮರ್ಸ್ ಯೂನಿಯನ್ ಎಂಬ ಸಂಸ್ಥೆ ಮೂರು ಸರಳ ನಿಯಮ ಹಾಕಿಕೊಂಡಿತು. ಪರೀಕ್ಷಿಸುವ ಸರಕನ್ನು ಕಂಪನಿಯಿಂದ ಉಚಿತವಾಗಿ ಪಡೆಯದೆ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುವುದು. ತನ್ನ ಪತ್ರಿಕೆಯಲ್ಲಿ ಜಾಹೀರಾತು ಹಾಕದಿರುವುದು. ಫಲಿತಾಂಶವನ್ನು ಹೆಸರು ಹಿಡಿದು ಪ್ರಕಟಿಸುವುದು. ಇಂದಿಗೂ 'ಪಕ್ಷಪಾತವಿಲ್ಲದ ಸಲಹೆ' ಎಂದರೆ ಏನೆಂದು ಯಾರಾದರೂ ಕೇಳಿದರೆ ಇದಕ್ಕಿಂತ ಒಳ್ಳೆಯ ವ್ಯಾಖ್ಯೆ ಸಿಗಲಾರದು.

ನಮ್ಮಲ್ಲಿ ಏನಿದೆ?

ಭಾರತದಲ್ಲೂ ಈ ಬೀಜ ಬಿದ್ದಿದೆ. ಮುಂಬಯಿಯಲ್ಲಿ 1966ರಲ್ಲಿ ಕೆಲವು ಗೃಹಿಣಿಯರು ಸೇರಿ ಗ್ರಾಹಕ ಮಾರ್ಗದರ್ಶನ ಸಂಘ ಕಟ್ಟಿದರು. ಅಹಮದಾಬಾದಿನಲ್ಲಿ 1978ರಲ್ಲಿ, ದೆಹಲಿಯಲ್ಲಿ 1983ರಲ್ಲಿ ಹುಟ್ಟಿದ ಗ್ರಾಹಕ ಸಂಸ್ಥೆಗಳು ಬೇರೆ ಬೇರೆ ಹೆಸರಿನ ಸರಕುಗಳನ್ನು ಒಟ್ಟಿಗೆ ಇಟ್ಟು ಪರೀಕ್ಷೆ ಮಾಡಿಸಿ ಅಂಕ ಕೊಡುವ ಪರಿಪಾಠ ಬೆಳೆಸಿದವು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2014ರಲ್ಲಿ ತನ್ನ ಪ್ರಯೋಗಾಲಯದಲ್ಲಿ 32 ಬಿಳುಪಿನ ಕ್ರೀಮುಗಳನ್ನು ಪರೀಕ್ಷಿಸಿದಾಗ 14ರಲ್ಲಿ ಪಾದರಸ ಸಿಕ್ಕಿತು. ಅವುಗಳಲ್ಲಿ ಹೆಸರಾಂತ ಕಂಪನಿಗಳವೂ ಇದ್ದವು. ಇಂಥ ವರದಿಗಳು ವರ್ಷಕ್ಕೊಮ್ಮೆ ಬರುತ್ತವೆ. ಜಾಹೀರಾತು ನಿಮಿಷಕ್ಕೊಮ್ಮೆ ಬರುತ್ತದೆ. ತಕ್ಕಡಿ ಯಾವ ಕಡೆ ವಾಲುತ್ತದೆಂದು ಹೇಳಬೇಕಿಲ್ಲ.

ಕಾನೂನು ಇಲ್ಲವೆಂದಲ್ಲ. 1940ರ ಔಷಧ ಕಾಯಿದೆಗೆ 1962ರ ತಿದ್ದುಪಡಿಯಿಂದ ಪ್ರಸಾಧನಗಳೂ ಸೇರಿಕೊಂಡವು. 2020ರ ಪ್ರಸಾಧನ ನಿಯಮಗಳ ಪ್ರಕಾರ ಸಾಮಾನ್ಯ ಕ್ರೀಮುಗಳಲ್ಲಿ ಉದ್ದೇಶಪೂರ್ವಕವಾಗಿ ಪಾದರಸ ಹಾಕುವಂತಿಲ್ಲ. ತಾನಾಗಿ ಸೇರಿಕೊಂಡದ್ದೂ ಹತ್ತು ಲಕ್ಷದಲ್ಲಿ ಒಂದು ಪಾಲು ಮೀರುವಂತಿಲ್ಲ. ಪ್ರಬಲವಾದ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು 2018ರಲ್ಲಿ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಲಾಯಿತು. ತಪ್ಪು ದಾರಿಗೆಳೆಯುವ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯಿದೆಯಡಿ ತಯಾರಕರಿಗಷ್ಟೇ ಅಲ್ಲ, ಅದರಲ್ಲಿ ಕಾಣಿಸಿಕೊಂಡವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ತಪ್ಪು ಮರುಕಳಿಸಿದರೆ 50 ಲಕ್ಷ. ಮೊಬೈಲ್ ಪರದೆಯ ಮೇಲೆ ಸರಕು ಹೊಗಳುವವರು ತಮಗೆ ಹಣವೋ, ಉಡುಗೊರೆಯೋ, ಉಚಿತ ಸೀಸೆಯೋ ಸಿಕ್ಕಿದ್ದರೆ ಅದನ್ನು ಎದ್ದುಕಾಣುವಂತೆ ಹೇಳಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಸೂಚನೆ ಹೊರಡಿಸಿದೆ.

ಆದರೆ ಕಾನೂನಿನ ಕೈ ನಿಧಾನ. ಗಂಡಸರ ಬಿಳುಪಿನ ಕ್ರೀಮೊಂದನ್ನು 79 ರೂಪಾಯಿ ಕೊಟ್ಟು ಕೊಂಡ ದೆಹಲಿಯ ಗ್ರಾಹಕರೊಬ್ಬರು, ಹೇಳಿದ ಹಾಗೆ ಬೆಳ್ಳಗಾಗಲಿಲ್ಲ ಎಂದು 2013ರಲ್ಲಿ ದೂರು ಕೊಟ್ಟರು. ಜಿಲ್ಲಾ ಗ್ರಾಹಕ ವೇದಿಕೆ ಆ ಜಾಹೀರಾತು ದಾರಿ ತಪ್ಪಿಸುವಂಥದ್ದೆಂದು ಹೇಳಿ ಕಂಪನಿಗೆ ಸುಮಾರು 15 ಲಕ್ಷ ರೂಪಾಯಿ ತೆರುವಂತೆ ಆದೇಶಿಸಿದ್ದು 2024ರ ಡಿಸೆಂಬರ್‌ನಲ್ಲಿ. ನಡುವೆ ಕಳೆದದ್ದು 11 ವರ್ಷ. ಮೊಡವೆ ಅಷ್ಟು ದಿನ ಕಾಯುವುದಿಲ್ಲ.

ಪೊಟ್ಟಣವನ್ನೇ ಓದಿ

ಹಾಗಾದರೆ ತಕ್ಷಣಕ್ಕೆ ಸಿಗುವ ನಿಷ್ಪಕ್ಷಪಾತ ಸಲಹೆಗಾರ ಯಾರು? ಆಶ್ಚರ್ಯವೆನಿಸಬಹುದು, ಸರಕಿನ ಪೊಟ್ಟಣವೇ. ಅದರ ಮುಂಭಾಗ ಮಾರಾಟ ವಿಭಾಗದ ಕೈಯಲ್ಲಿರುತ್ತದೆ. ಹಿಂಭಾಗ ಕಾನೂನಿನ ಕೈಯಲ್ಲಿ.

ಸ್ನಾನದ ಸೋಪನ್ನೇ ತೆಗೆದುಕೊಳ್ಳಿ. ಹೊದಿಕೆಯ ಮೂಲೆಯಲ್ಲಿ 'ಟಿಎಫ್‌ಎಂ' ಎಂದು ಒಂದು ಅಂಕಿ ಇರುತ್ತದೆ. ಸೋಪಿನಲ್ಲಿ ಕೊಬ್ಬಿನ ಅಂಶ ಎಷ್ಟು ಎಂಬುದರ ಅಳತೆ ಅದು. ಭಾರತೀಯ ಮಾನಕದಂತೆ ಕನಿಷ್ಠ 76 ಶೇಕಡಾ ಇದ್ದರೆ ಮೊದಲ ದರ್ಜೆ, 70 ಇದ್ದರೆ ಎರಡನೆಯದು, 60 ಇದ್ದರೆ ಮೂರನೆಯದು. ಅದಕ್ಕಿಂತ ಕಡಿಮೆಯಿದ್ದು 'ಬೇದಿಂಗ್ ಬಾರ್' ಎಂದು ಬರೆದಿದ್ದರೆ ಅದು ಸೋಪಿನ ವರ್ಗವೇ ಅಲ್ಲ. ಎಷ್ಟೋ ಸಲ ನಟಿಯ ಚಿತ್ರವಿರುವ ಹೊದಿಕೆಗಿಂತ ಚಿತ್ರವಿಲ್ಲದ ಹೊದಿಕೆಯಲ್ಲಿ ಈ ಅಂಕಿ ದೊಡ್ಡದಿರುತ್ತದೆ. ಆದರೆ ಒಂದು ಎಚ್ಚರಿಕೆ: ಈ ಅಂಕಿ ಹೇಳುವುದು ಸೋಪು ಎಷ್ಟು ಗಟ್ಟಿ ಸರಕು ಎಂಬುದನ್ನು, ನಿಮ್ಮ ಮುಖಕ್ಕೆ ಎಷ್ಟು ಮೃದು ಎಂಬುದನ್ನಲ್ಲ. ಒಳ್ಳೆಯ ಸೋಪೂ ಕ್ಷಾರವೇ. ನಮ್ಮ ಚರ್ಮವೋ ತುಸು ಆಮ್ಲೀಯ. ಒಣಚರ್ಮದವರಿಗೆ, ಇಸುಬು ಇದ್ದವರಿಗೆ ವೈದ್ಯರು ಸೋಪಲ್ಲದ ಮೃದುವಾದ ಮಾರ್ಜಕ ಬರೆದುಕೊಡುವುದು ಇದಕ್ಕಾಗಿ. ನಿಷ್ಪಕ್ಷಪಾತವಾದ ಅಂಕಿಯೂ ತನ್ನನ್ನು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ.

ಕ್ರೀಮಿನ ಡಬ್ಬಿಯ ಮೇಲೆ ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ ಇರಲೇಬೇಕು. ಹೊರದೇಶದ್ದಾದರೆ ಆಮದು ನೋಂದಣಿಯ ಸಂಖ್ಯೆ ಬೇಕು. ಇವು ಇಲ್ಲದ ಡಬ್ಬಿ ಎಷ್ಟೇ ಚೆನ್ನಾಗಿದ್ದರೂ ಮುಟ್ಟಬೇಡಿ. ಒಳಗೇನಿದೆ ಎಂಬ ಪಟ್ಟಿಯಲ್ಲಿ ಶೇಕಡಾ ಒಂದಕ್ಕಿಂತ ಹೆಚ್ಚಿರುವ ವಸ್ತುಗಳನ್ನು ಹೆಚ್ಚಿನಿಂದ ಕಡಿಮೆಗೆ ಅನುಕ್ರಮವಾಗಿ ಬರೆದಿರುತ್ತಾರೆ. ಅದಕ್ಕಿಂತ ಕಡಿಮೆ ಇರುವುದನ್ನು ಕೊನೆಯಲ್ಲಿ ಹೇಗೆ ಬೇಕಾದರೂ ಬರೆಯಬಹುದು. ಮುಂಭಾಗದಲ್ಲಿ ಕೇಸರಿ ಹೂವಿನ ದೊಡ್ಡ ಚಿತ್ರವಿದ್ದು ಹಿಂಭಾಗದ ಪಟ್ಟಿಯಲ್ಲಿ ಕೇಸರಿಯ ಹೆಸರು ಕೊನೆಯ ಸಾಲಿನಲ್ಲಿದ್ದರೆ, ನೀವು ದುಡ್ಡು ಕೊಡುತ್ತಿರುವುದು ಚಿತ್ರಕ್ಕೆ.

ಔಷಧಿ ಅಂಗಡಿಯವರು ಕೊಡುವ ಟ್ಯೂಬಿನ ಮೇಲೆ ಕ್ಲೊಬೆಟಾಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್, ಫ್ಲುಒಸಿನೋಲೋನ್ ಎಂಬ ಹೆಸರುಗಳಲ್ಲಿ ಯಾವುದಾದರೂ ಇದೆಯೇ ನೋಡಿ. ಇದ್ದರೆ ಅದು ಸ್ಟೀರಾಯ್ಡ್. ವೈದ್ಯರು ಇಷ್ಟು ದಿನ ಎಂದು ಬರೆದುಕೊಟ್ಟ ಹೊರತು ಅದು ಮುಖಕ್ಕೆ ಸಲ್ಲ. ಈಗಾಗಲೇ ಬಹುಕಾಲದಿಂದ ಹಚ್ಚುತ್ತಿದ್ದರೆ ಒಮ್ಮೆಲೇ ಬಿಟ್ಟುಬಿಡದೆ ತಜ್ಞರಿಗೆ ತೋರಿಸಿ.

'ಡರ್ಮಟಾಲಜಿಕಲಿ ಟೆಸ್ಟೆಡ್' ಎಂಬ ಮಾತಿಗೆ ಮರುಳಾಗುವವರು ಬಹಳ. ಪರೀಕ್ಷೆ ಆಗಿದೆ ಎನ್ನುತ್ತದೆಯೇ ಹೊರತು ಎಷ್ಟು ಜನರ ಮೇಲೆ, ಎಷ್ಟು ದಿನ, ಫಲಿತಾಂಶವೇನು ಎಂದು ಆ ಮಾತು ಹೇಳುವುದಿಲ್ಲ. ಪರೀಕ್ಷೆಗೆ ಕೂತವರೆಲ್ಲ ಪಾಸಾದರೆಂದು ಯಾರು ಹೇಳಿದರು?

ಹಿತ್ತಲ ಗಿಡವೂ ಪರೀಕ್ಷೆಗೆ ಹೊರತಲ್ಲ

ಇಷ್ಟೆಲ್ಲ ಕೇಳಿದ ಮೇಲೆ ಅಜ್ಜಿಯ ಮದ್ದೇ ಲೇಸು ಎನಿಸುವುದು ಸಹಜ. ಅಜ್ಜಿಗೆ ಸ್ವಾರ್ಥವಿಲ್ಲ ಎಂಬುದು ನಿಜ. ಆದರೆ ಸ್ವಾರ್ಥವಿಲ್ಲದ ಮಾತ್ರಕ್ಕೆ ಮದ್ದು ನಿರಪಾಯವಾಗುವುದಿಲ್ಲ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಅದರಲ್ಲಿರುವ ರಾಸಾಯನಿಕ ಬಿಸಿಲಿನೊಡನೆ ಸೇರಿ ಚರ್ಮವನ್ನು ಸುಡುತ್ತದೆ. ಆಮೇಲೆ ಉಳಿಯುವ ಕಪ್ಪು ಕಲೆ ತಿಂಗಳುಗಟ್ಟಲೆ ಹೋಗದು. ಮೊಡವೆಯ ಮುಖಕ್ಕೆ ಕೊಬ್ಬರಿ ಎಣ್ಣೆ ಬಳಿದರೆ ರಂಧ್ರ ಮುಚ್ಚಿ ಮೊಡವೆ ಹೆಚ್ಚಬಹುದು. ಅಂಟಿಸುವ ಬಿಂದಿಯ ಗೋಂದಿನಲ್ಲಿ ಇರಬಹುದಾದ ಒಂದು ರಾಸಾಯನಿಕದಿಂದ ಹಣೆಯ ನಡುವೆ ತೊನ್ನಿನಂಥ ಬಿಳಿ ಕಲೆ ಬೀಳುವುದನ್ನು ನಮ್ಮ ಚರ್ಮರೋಗ ತಜ್ಞರು ಬಹುಕಾಲದಿಂದ ಬಲ್ಲರು. 'ನೈಸರ್ಗಿಕ', 'ಆಯುರ್ವೇದಿಕ್', 'ಕೆಮಿಕಲ್ ಇಲ್ಲ' ಎಂಬ ಪದಗಳೂ ಜಾಹೀರಾತಿನ ಪದಗಳೇ. ಪಾದರಸ ಕೂಡ ಪ್ರಕೃತಿಯಲ್ಲಿ ಸಿಗುವ ವಸ್ತುವೇ ಅಲ್ಲವೇ?

ವೈದ್ಯರನ್ನು ಕೇಳೋಣ ಎಂದರೆ, ಅದು ಎಲ್ಲಕ್ಕಿಂತ ಒಳ್ಳೆಯ ದಾರಿ. ವೈದ್ಯರು ಯಾವುದೇ ಔಷಧಿಯನ್ನಾಗಲಿ ಕಂಪನಿಯ ಸರಕನ್ನಾಗಲಿ ಸಾರ್ವಜನಿಕವಾಗಿ ಶಿಫಾರಸು ಮಾಡಬಾರದು ಎಂದು ವೈದ್ಯಕೀಯ ಮಂಡಳಿಯ ನೀತಿಸಂಹಿತೆಗೆ 2009ರಲ್ಲೇ ತಿದ್ದುಪಡಿ ಆಗಿದೆ. ಆದ್ದರಿಂದ ಜಾಹೀರಾತಿನಲ್ಲಿ ಬಿಳಿ ಕೋಟು ತೊಟ್ಟು ಕ್ರೀಮು ಹಿಡಿದವರನ್ನು ಕಂಡರೆ ಅನುಮಾನಪಡಿ. ಅವರು ನಟರು, ಇಲ್ಲವೇ ನಿಯಮ ಮೀರಿದವರು. ತಮ್ಮ ಕ್ಲಿನಿಕ್ಕಿನಲ್ಲೇ ದುಬಾರಿ ಕ್ರೀಮುಗಳ ಅಂಗಡಿ ಇಟ್ಟುಕೊಂಡವರ ಬಳಿ, "ಇದರ ಬದಲು ಹೊರಗೆ ಸಿಗುವ, ಕಡಿಮೆ ಬೆಲೆಯದು ಯಾವುದಿದೆ ಡಾಕ್ಟ್ರೇ?" ಎಂದು ಸಂಕೋಚವಿಲ್ಲದೆ ಕೇಳಿ. ಒಳ್ಳೆಯ ವೈದ್ಯರು ಸಿಟ್ಟಾಗುವುದಿಲ್ಲ, ಬರೆದುಕೊಡುತ್ತಾರೆ.

ದುಡ್ಡಿನ ಚಿಂತೆಯವರಿಗೆ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್, ಮೈಸೂರಿನ ಕೆ.ಆರ್. ಆಸ್ಪತ್ರೆ, ಜನ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಆಸ್ಪತ್ರೆ, ಇಲ್ಲೆಲ್ಲ ಚರ್ಮರೋಗ ವಿಭಾಗಗಳಿವೆ. ಸರದಿಯಲ್ಲಿ ನಿಲ್ಲಬೇಕಾಗುತ್ತದೆ ಎಂಬುದು ನಿಜ. ಆದರೆ ಅಲ್ಲಿ ಚೀಟಿ ಬರೆಯುವವರಿಗೆ ಕ್ರೀಮು ಮಾರಬೇಕಾದ ದರ್ದು ಇಲ್ಲ.

ಕೊನೆಗೆ ಹಚ್ಚಬೇಕಾದ್ದು ಏನು?

ಚರ್ಮರೋಗ ತಜ್ಞರ ನಡುವೆ ಭಿನ್ನಾಭಿಪ್ರಾಯವಿಲ್ಲದ ಸಂಗತಿ ಬಹಳ ಚಿಕ್ಕದು. ಅದರಲ್ಲಿ ಮಾರುವುದಕ್ಕೆ ಹೆಚ್ಚೇನೂ ಇಲ್ಲವಾದ್ದರಿಂದ ಅದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಆರೋಗ್ಯವಾದ ಮುಖಕ್ಕೆ ಬೇಕಾದ್ದು ಮೂರೇ: ದಿನಕ್ಕೆರಡು ಸಲ ಮೃದುವಾದ ಮಾರ್ಜಕದಿಂದ ತೊಳೆಯುವುದು, ಒಣಗುತ್ತಿದ್ದರೆ ತೇವ ಹಿಡಿದಿಡುವ ಲೇಪನ, ಹಗಲು ಹೊರಗೆ ಹೋಗುವಾಗ ಬಿಸಿಲಿನಿಂದ ರಕ್ಷಣೆ. ಹತ್ತು ಸೀಸೆ ಬೇಕಿಲ್ಲ.

ಬಿಸಿಲಿನ ಕ್ರೀಮಿನ 'ಎಸ್‌ಪಿಎಫ್' ಅಂಕಿಯ ಗುಟ್ಟನ್ನೂ ತಿಳಿದುಕೊಳ್ಳಿ. 15 ಇದ್ದರೆ ಸುಡುವ ಕಿರಣದಲ್ಲಿ ಸುಮಾರು 93 ಶೇಕಡಾ, 30 ಇದ್ದರೆ 97, 50 ಇದ್ದರೆ 98 ತಡೆಯುತ್ತದೆ. 30ರಿಂದ 50ಕ್ಕೆ ಹೋದರೆ ಸಿಗುವುದು ಒಂದು ಶೇಕಡಾ ಲಾಭ. ಬೆಲೆ ದುಪ್ಪಟ್ಟಾಗಿದ್ದರೆ ಯೋಚಿಸಿ. ದುಬಾರಿಯದನ್ನು ಜಿಪುಣತನದಿಂದ ಸವರುವುದಕ್ಕಿಂತ ಅಗ್ಗದ್ದನ್ನು ಧಾರಾಳವಾಗಿ ಹಚ್ಚುವುದು ಮೇಲು. ಬಂಗು ಇದ್ದವರಿಗಂತೂ ಬಿಸಿಲೇ ಮೊದಲ ಶತ್ರು. ಕೊಡೆ, ಟೋಪಿ, ತಲೆಯ ಮೇಲಿನ ಸೆರಗು ಇವೂ ಒಳ್ಳೆಯ 'ಸನ್‌ಸ್ಕ್ರೀನ್'ಗಳೇ.

ಹೊಸದೇನನ್ನಾದರೂ ಕೊಂಡರೆ ನೇರವಾಗಿ ಮುಖಕ್ಕೆ ಹಚ್ಚಬೇಡಿ. ಮುಂಗೈ ಒಳಭಾಗದಲ್ಲಿ ಒಂದು ಚಿಕ್ಕ ಜಾಗದಲ್ಲಿ ದಿನಕ್ಕೆರಡು ಸಲದಂತೆ ವಾರ, ಹತ್ತು ದಿನ ಹಚ್ಚಿ ನೋಡಿ. ಒಮ್ಮೆಗೆ ಒಂದೇ ಹೊಸ ಸರಕು. ಎರಡು ಒಟ್ಟಿಗೆ ಶುರು ಮಾಡಿದರೆ ಉರಿ ಬಂದಾಗ ಕಳ್ಳ ಯಾರೆಂದು ಗೊತ್ತಾಗದು. ಚರ್ಮದ ಮೇಲ್ಪದರ ಹೊಸದಾಗಲು ಸುಮಾರು ಒಂದು ತಿಂಗಳು ಬೇಕು. ಆದ್ದರಿಂದ ಗುಣ ಕಂಡಿತೇ ಇಲ್ಲವೇ ಎಂದು ತೀರ್ಮಾನಿಸಲು ಆರು ವಾರವಾದರೂ ಕೊಡಿ. ಮೂರೇ ದಿನದಲ್ಲಿ ಮುಖ ಬೆಳಗಿದರೆ ಸಂತೋಷಪಡುವ ಬದಲು ಟ್ಯೂಬಿನ ಹಿಂಭಾಗ ಓದಿ.

ಸಲಹೆ ಕೊಡುವವರು ಯಾರೇ ಇರಲಿ, ಮನಸ್ಸಿನಲ್ಲೇ ನಾಲ್ಕು ಪ್ರಶ್ನೆ ಹಾಕಿಕೊಳ್ಳಿ. ನಾನು ಇದನ್ನು ಕೊಂಡರೆ ಇವರಿಗೆ ಲಾಭವಿದೆಯೇ? ಇವರು ನನ್ನ ಚರ್ಮವನ್ನು ನೋಡಿ ಹೇಳಿದರೋ, ನೋಡದೆಯೋ? ಇದರ ಕೆಡುಕು ಏನೆಂದೂ ಹೇಳಿದರೇ? "ಏನೂ ಹಚ್ಚಬೇಡಿ" ಎನ್ನುವುದು ಇವರ ಬಾಯಲ್ಲಿ ಎಂದಾದರೂ ಬಂದೀತೇ? ಕೊನೆಯ ಪ್ರಶ್ನೆಯೇ ಒರೆಗಲ್ಲು. ಮಾರುವವರು ಆ ಮಾತನ್ನು ಎಂದಿಗೂ ಆಡಲಾರರು.

ಕ್ರೀಮಿನಿಂದ ತೊಂದರೆಯಾಗಿದ್ದರೆ ಡಬ್ಬಿ, ರಸೀದಿ ಎಸೆಯದೆ ಇಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಔಷಧಿಯ ಅಡ್ಡ ಪರಿಣಾಮವಾದರೆ 1800-180-3024 ಎಂಬ ಉಚಿತ ಸಂಖ್ಯೆಗೆ ತಿಳಿಸಬಹುದು. ನಿಮ್ಮ ದೂರು ಇನ್ನೊಬ್ಬರಿಗೆ ಸಿಗುವ ನಿಷ್ಪಕ್ಷಪಾತ ಸಲಹೆಯಾಗುತ್ತದೆ. ಕೋಟ್ಟಕ್ಕಲ್‌ನಲ್ಲಿ ಆ 13 ಮಂದಿ ತಾವು ಹಚ್ಚುತ್ತಿದ್ದುದನ್ನು ನಾಚಿಕೊಳ್ಳದೆ ವೈದ್ಯರಿಗೆ ಹೇಳಿದ್ದರಿಂದಲೇ ಅಲ್ಲವೇ ಉಳಿದವರಿಗೆ ಎಚ್ಚರವಾದದ್ದು?